ಏತ್ವದ ದೀರ್ಘ

ಧೋಬಿ ತಲಾವಿನಲ್ಲಿ ಮೂರನೇ ಮಹಡಿ.
ಒಲಿಂಡಾ ಬಾಯಿಯ ಪಿಯಾನೋದ ಹೊಟ್ಟೆಯೊಳಗೆ
ಹಗಲೂ ರಾತ್ರಿ ಉರಿಯುವ ಹದಿನೈದು ವ್ಯಾಟಿನ ಬಲ್ಬು,
ಸಮುದ್ರದ ಪಸೆ ತಂತಿಗೆ ಹತ್ತದಿರಲಿ ಅಂತ.
ಕೆಳಗೆ ಇರಾನಿ ಹೋಟೆಲಿನವರು ಬಸಿ ತೊಳೆವ ಸದ್ದು;
ಅದು ಯಾವ ಸ್ವರವೆಂದು ಆಕೆಗೆ ಗೊತ್ತು.

ನಾನು ತಂದದ್ದು ಹದಿನಾಲ್ಕು ಸಾಲು.
ಬರೆದವರ ಹೆಸರು ಹುಳ ತಿಂದಿದೆ.
ಊರು ಯಾವುದು, ಅದನ್ನೂ ತಿಂದಿದೆ.
ಉಳಿದದ್ದು ಒಂದು ಹೊಳೆ,
ಆಚೆ ದಡಕ್ಕೆ ಕೊಟ್ಟ ಅಕ್ಕ, ಈಚೆ ದಡಕ್ಕೆ ಕೊಟ್ಟ ತಂಗಿ,
ಬಟ್ಟೆ ಒಗೆಯುವ ನೆವದಲ್ಲಿ ಕೂಗಿಕೊಂಡ ಮಾತು.

ಹಾಡುವ ಹುಡುಗಿ ಋತುಜಾ ಕಾರ್ಖಾನೀಸ್, ಗಿರಗಾಂವಿನವಳು,
ಕನ್ನಡವನ್ನು ದೇವನಾಗರಿಯಲ್ಲಿ ಬರೆದುಕೊಂಡು
‘ಅಕ್ಕ ಅಂದರೆ ನಮಗೂ ಅಕ್ಕನೇ’ ಎಂದಳು.
‘ನಮಗೂ’ ಅಂದರು ಒಲಿಂಡಾ ಬಾಯಿ, ಬಿಳಿ ಮನೆಗಳಿಂದ ಕಣ್ಣೆತ್ತದೆ.

ಸರಿ, ಆದರೆ ಅಕ್ಕನನ್ನು ಹಾಡುವುದು ಹೇಗೆ?
ಒತ್ತಕ್ಷರದಲ್ಲಿ ಉಸಿರು ಕಟ್ಟುತ್ತದೆ,
ಗಂಟಲು ಬಾಗಿಲು ಹಾಕಿಕೊಂಡು ನಿಂತುಬಿಡುತ್ತದೆ.
ತಂಗಿ ಹಾಗಲ್ಲ. ಸೊನ್ನೆಯಲ್ಲಿ ಗುನುಗುತ್ತಾಳೆ
ಎಷ್ಟು ಹೊತ್ತು ಬೇಕಾದರೂ, ಮೂಗು ಮುರಿಯದೆ.
ಅಕ್ಕನ ಆ ಮೌನಕ್ಕೆ ಎಡಗೈಯಿಂದ
ಒಂದೇ ಒಂದು ಮಂದ್ರಸ್ವರ ಕೊಟ್ಟರು ಒಲಿಂಡಾ ಬಾಯಿ.
ಅದೂ ಸ್ವಲ್ಪ ತಡವಾಗಿ.

ಐದೈದು ಮಾತ್ರೆ. ಎರಡು ಮತ್ತು ಮೂರು.
ಬೇಡ, ಮೂರು ಮತ್ತು ಎರಡು.
ಮೇ ತಿಂಗಳು, ಕರಿ ಮನೆಗಳ ಮೇಲೆ ಬೆರಳು ಜಾರುವ ಬೆವರು,
ಪಕ್ಕದ ಕೋಣೆಯಲ್ಲಿ ಯಾರೋ ಹುರಿಯುತ್ತಿದ್ದ ಬಾಂಗಡೆ.
ಎರಡು ವಾರಕ್ಕೆ ಹದಿಮೂರು ಸಾಲು ಕೂತವು.

ಹದಿನಾಲ್ಕನೆಯದು:
ಹೊಳೆ ಇಳಿಯಿತು ತಂಗಿ ಬಾರೆ

ಆ ಕಾಲದವರು ಓಲೆಯ ಮೇಲೆ
ಏತ್ವಕ್ಕೆ ದೀರ್ಘ ಬರೆಯುತ್ತಿರಲಿಲ್ಲ.
ಎಳೆದರೆ, ಬಾರೇ, ನೀರು ಮೊಣಕಾಲಿಗೂ ಇಲ್ಲ, ದಾಟಿ ಬಾ.
ಎಳೆಯದಿದ್ದರೆ, ಬಾರೆ.
ನಾನು ಬರುವವಳಲ್ಲ.
ಹೊಳೆಯ ನೆವವೂ ಹೋಯಿತು, ಆದರೂ ಬರುವವಳಲ್ಲ.

‘ಒಂದು ಮಾತ್ರೆಯೋ ಎರಡೋ ಹೇಳಿಬಿಡು,
ಸ್ವರಕ್ಕೆ ಬಾಲ ಬರೆಯಬೇಕು’ ಎಂದು
ಒಲಿಂಡಾ ಬಾಯಿ ಪೆನ್ಸಿಲು ಕಿವಿಗೆ ಸಿಕ್ಕಿಸಿ ಕೂತರು.

ವಡಾಳದ ಖೋಲಿಯಲ್ಲಿ ಅಮ್ಮ ಇದನ್ನು
ಕಾಯಿ ತುರಿಯುತ್ತ ಹೇಳುತ್ತಿದ್ದಳು, ತುರಿಮಣೆಯ ತಾಳಕ್ಕೆ.
ನಾನು ಆಗ ತುರಿ ಕದ್ದು ತಿನ್ನುವ ವಯಸ್ಸಿನವಳು.
ಬಾಯಿಪಾಠ ಮಾಡಿಕೊಂಡವಳು ಕುಮುದಕ್ಕ.
ಈಗ ಮುಲುಂಡಿನಲ್ಲಿದ್ದಾಳೆ, ಸ್ಲೋ ಲೋಕಲ್ಲಿಗೆ ಒಂದು ಗಂಟೆ.
ಖೋಲಿ ಮಾರಿದ ದಿನ ಒಂದು ಸಹಿ, ಒಂದು ಹಿತ್ತಾಳೆ ಹಂಡೆ,
ಅದಾಗಿ ಒಂಬತ್ತು ವರ್ಷ.
ಹಂಡೆ ನನ್ನ ಬಾಲ್ಕನಿಯಲ್ಲಿದೆ. ಅದರಲ್ಲಿ ಮನಿಪ್ಲಾಂಟು.

ಮೆಟ್ಟಿಲಲ್ಲಿ ನಿಂತು ಫೋನು ಮಾಡಿದೆ.
ಹೆಸರು ಹೇಳಲಿಲ್ಲ, ಚೆನ್ನಾಗಿದ್ದೀಯಾ ಅನ್ನಲಿಲ್ಲ,
‘ಕೊನೇ ಸಾಲು ಅಮ್ಮ ಹೇಗೆ ಹೇಳ್ತಿದ್ದಳು?’
ಅತ್ತ ಕುಕ್ಕರು ಕೂಗಿತು. ಗ್ಯಾಸು ಸಣ್ಣಗಾಯಿತು.
ಆಮೇಲೆ ಒತ್ತಕ್ಷರದಂಥ ಮೌನ.
‘ಬಾರೆ’ ಅಂದಳು.
ಇಟ್ಟಳು.

ಮಹಡಿ ಹತ್ತುತ್ತ ಬೆರಳಲ್ಲಿ ಎಣಿಸಿದೆ.
ಒಂದಲ್ಲ. ಎರಡಂತೂ ಅಲ್ಲ.
ಎಲ್ಲೋ ಒಂದೂವರೆಯ ಹತ್ತಿರ,
ಅದರಲ್ಲೂ ಅರ್ಧ ಕೆಮ್ಮು.

ಒಲಿಂಡಾ ಬಾಯಿ ನಗಲಿಲ್ಲ.
ಸ್ವರದ ಪಕ್ಕಕ್ಕೆ ಒಂದು ಚುಕ್ಕೆ ಇಟ್ಟು
‘ಒಂದೂವರೆಗೆ ನಮ್ಮಲ್ಲಿ ಗುರುತಿದೆ’ ಅಂದರು.
ಋತುಜಾ ಹಾಡಿದಳು. ಕೈ ಎತ್ತಿದ ಮೇಲೂ
ಪೆಡಲಿನಿಂದ ಕಾಲು ತೆಗೆಯಲಿಲ್ಲ ಆಕೆ;
ಕೆಳಗಿನ ಬಸಿಗಳ ಸದ್ದೂ ಅದರೊಳಗೆ ಬಂದು ಕೂತಿತು.

ಪುಟದ ತಲೆಯಲ್ಲಿ ಕವಿಯ ಹೆಸರಿನ ಜಾಗ ಖಾಲಿ.
ಕಾಲಡಿಯಲ್ಲಿ, ಚಿಕ್ಕ ಅಕ್ಷರದಲ್ಲಿ, ನಾನೇ ಬರೆದೆ:
ಕೊನೆಯ ಸಾಲಿನ ಪಾಠ ಮುಲುಂಡಿನ ಪ್ರತಿಯಂತೆ.

ಪ್ರತಿ ಇನ್ನೂ ಇದೆ.
ಕೆಮ್ಮಿಗೆ ಔಷಧಿ ತಗೊಳ್ಳುತ್ತಿದೆಯೋ ಇಲ್ಲವೋ.